ಎಲೆ ಉದುರುವ ಮುನ್ನ ಸ್ಮಾಲ್‌ಮೌತ್ ಬ್ಯಾಸ್: ಹುಡುಕಿ ಹಿಡಿಯುವ ಸಮಗ್ರ ಮಾರ್ಗದರ್ಶಿ

ಮಲೆನಾಡಿನಲ್ಲಿ ಮುಂಗಾರಿನ ಮೊದಲ ಜಡಿಮಳೆ ಬಿದ್ದ ರಾತ್ರಿ ಹಳ್ಳದ ಮೀನು ಗದ್ದೆಗೆ ಹತ್ತುತ್ತದೆ. ಹತ್ತುಮೀನಿಗೆ ಹೊರಡುವವರು ಕೂಣಿ, ಬಲೆಗಳನ್ನು ಅಟ್ಟದಿಂದ ಇಳಿಸುವ ಮೊದಲು ಆಕಾಶ ನೋಡುತ್ತಾರೆ, ಹಳ್ಳದ ನೀರಿನ ಬಣ್ಣ ನೋಡುತ್ತಾರೆ. ನೀರು ಬದಲಾದರೆ ಮೀನು ಜಾಗ ಬದಲಿಸುತ್ತದೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಅಂಥ ಊರಿನಲ್ಲಿ ಬೆಳೆದ ನಾನು ಮಿಷಿಗನ್‌ಗೆ ಬಂದ ಮೊದಲ ವರ್ಷ ಆ ಪಾಠವನ್ನು ಪೂರ್ತಿ ಮರೆತಿದ್ದೆ.

ಆಗಸ್ಟ್‌ನಲ್ಲಿ ಸೇಂಟ್ ಕ್ಲೇರ್ ಸರೋವರದ ಒಂದು ಕಳೆಯ ಅಂಚಿನಲ್ಲಿ ಬೆಳಗಿನ ಹೊತ್ತು ಎರಡೇ ಗಂಟೆಯೊಳಗೆ ಒಂಬತ್ತು ಸ್ಮಾಲ್‌ಮೌತ್ ಬ್ಯಾಸ್ ಮೀನು ಹಿಡಿದೆ. ಅಕ್ಟೋಬರ್ ನಡುವಿನಲ್ಲಿ ಅದೇ ಜಾಗಕ್ಕೆ, ಅದೇ ಲೂರ್ (ಕೃತಕ ಎರೆ) ಕಟ್ಟಿಕೊಂಡು ಹೋಗಿ ಮೂರು ಗಂಟೆ ಕುಳಿತೆ. ಒಂದೂ ಮುಟ್ಟಲಿಲ್ಲ. ಹೊರಡುವಾಗ ದೋಣಿಯ ಸೋನಾರ್ ಪರದೆಯ ಮೂಲೆಯಲ್ಲಿದ್ದ ನೀರಿನ ಉಷ್ಣಾಂಶದ ಅಂಕಿ ಕಣ್ಣಿಗೆ ಬಿತ್ತು: 56 ಡಿಗ್ರಿ ಫ್ಯಾರನ್‌ಹೀಟ್. ಆಗಸ್ಟ್‌ನಲ್ಲಿ ಅದು 74 ಇತ್ತು. ಬಾಡಿಗೆದಾರರು ಖಾಲಿ ಮಾಡಿಹೋದ ಮನೆಯ ಬಾಗಿಲನ್ನು ನಾನು ಬೆಳಗಿನಿಂದ ತಟ್ಟುತ್ತಿದ್ದೆ.

ಬೇಸಿಗೆ ಮುಗಿದು ಚಳಿ ಇಳಿಯುವ ಈ ಎರಡು ತಿಂಗಳಲ್ಲಿ ಸ್ಮಾಲ್‌ಮೌತ್ ಹಿಡಿಯುವುದು ಅಷ್ಟೇನೂ ಕಷ್ಟವಲ್ಲ, ಹುಡುಕುವುದು ಕಷ್ಟ. ಹಾಗಾಗಿ ಇಲ್ಲಿ ಹುಡುಕಾಟಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಉದಾಹರಣೆಗಳೆಲ್ಲ ಆಗ್ನೇಯ ಮಿಷಿಗನ್‌ನವು, ನಾನು ಪ್ರತಿ ವಾರ ನೋಡುವ ನೀರಿನವು. ಒಂಟಾರಿಯೊ, ಒಹಾಯೊ, ನ್ಯೂಯಾರ್ಕ್‌ಗಳಲ್ಲಿ ಇರುವವರು ದಿನಾಂಕಗಳನ್ನು ಸ್ವಲ್ಪ ಹಿಂದೆ ಮುಂದೆ ಮಾಡಿಕೊಂಡರೆ ಸಾಕು.

ಮೊದಲು ಗುರುತು ಮತ್ತು ಕಾಯಿದೆ

ಸ್ಮಾಲ್‌ಮೌತ್ ಕಂಚಿನ ಬಣ್ಣದ ಮೀನು. ಮೈಮೇಲೆ ಮೇಲಿನಿಂದ ಕೆಳಕ್ಕೆ ಮಸುಕಾದ ಪಟ್ಟೆಗಳಿರುತ್ತವೆ, ಕಣ್ಣು ಹಲವು ಬಾರಿ ಕೆಂಪಗಿರುತ್ತದೆ. ಬಾಯಿ ಮುಚ್ಚಿದಾಗ ಮೇಲ್ದವಡೆಯ ತುದಿ ಕಣ್ಣಿನ ನೇರಕ್ಕೆ ನಿಂತರೆ ಸ್ಮಾಲ್‌ಮೌತ್, ಕಣ್ಣನ್ನು ದಾಟಿ ಹಿಂದಕ್ಕೆ ಹೋದರೆ ಅದರ ದಾಯಾದಿ ಲಾರ್ಜ್‌ಮೌತ್. ಇದು ಉತ್ತರ ಅಮೆರಿಕದ ಮಹಾ ಸರೋವರಗಳು, ಸೇಂಟ್ ಲಾರೆನ್ಸ್, ಒಹಾಯೊ ಮತ್ತು ಮಿಸಿಸಿಪ್ಪಿಯ ಮೇಲ್ಭಾಗದ ಮೂಲನಿವಾಸಿ. ಕಾವೇರಿಯ ಮಹಶೀರ್ ಹಿಡಿದವರ ಕಥೆ ಕೇಳಿ ಬೆಳೆದವರಿಗೆ ಇದರ ಗಾತ್ರ ನಗು ತರಿಸಬಹುದು. ವಿಶ್ವ ದಾಖಲೆಯೇ 11 ಪೌಂಡ್ 15 ಔನ್ಸ್, ಅಂದರೆ ಐದೂವರೆ ಕಿಲೋಗೂ ತುಸು ಕಡಿಮೆ. ಅದು 1955ರ ಜುಲೈ 9ರಂದು ಡೇಲ್ ಹಾಲೋ ಸರೋವರದಲ್ಲಿ ಸಿಕ್ಕಿದ್ದು. ಆದರೆ ಮೂರು ಪೌಂಡಿನ ಸ್ಮಾಲ್‌ಮೌತ್ ಒಮ್ಮೆ ದಾರ ಹಿಡಿದು ನೀರಿನಿಂದ ಮೇಲಕ್ಕೆ ಹಾರಿದ ಮೇಲೆ ಯಾರೂ ತಕ್ಕಡಿಯ ಮಾತು ತೆಗೆಯುವುದಿಲ್ಲ.

ಮಿಷಿಗನ್‌ನಲ್ಲಿ 17 ವರ್ಷ ತುಂಬಿದವರಿಗೆ ಮೀನುಗಾರಿಕೆ ಪರವಾನಗಿ ಬೇಕು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ತಾಣದಲ್ಲಿ ಹತ್ತು ನಿಮಿಷದ ಕೆಲಸ; ವಾರ್ಷಿಕ ಪರವಾನಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮನೆಗೆ ಒಯ್ಯುವ ಬ್ಯಾಸ್ ಸಾಮಾನ್ಯವಾಗಿ ಕನಿಷ್ಠ 14 ಅಂಗುಲ ಇರಬೇಕು, ಲಾರ್ಜ್‌ಮೌತ್ ಸೇರಿ ದಿನಕ್ಕೆ ಐದು. ಕೆಲವು ನದಿಯ ತುಣುಕುಗಳಿಗೆ ಬೇರೆಯೇ ನಿಯಮಗಳಿವೆ, ಹೊರಡುವ ಮುನ್ನ ಆ ವರ್ಷದ ಕೈಪಿಡಿ ತೆರೆದು ನೋಡಿ. ಸೇಂಟ್ ಕ್ಲೇರ್ ಸರೋವರದ ನಡುವೆ ದೇಶದ ಗಡಿ ಹಾದುಹೋಗುತ್ತದೆ. ಕೆನಡಾ ಭಾಗದಲ್ಲಿ ಗಾಳ ಹಾಕಲು ಒಂಟಾರಿಯೊದ ಪರವಾನಗಿಯೇ ಬೇಕು. ನೀರಿನ ಮೇಲೆ ಬೇಲಿ ಇರುವುದಿಲ್ಲ, ಜಿಪಿಎಸ್ ನೋಡುತ್ತಿರಿ.

ಉಷ್ಣಾಂಶವೇ ಪಂಚಾಂಗ

ನಾನು ಹೊಸಬರಿಗೆ ಕೊಡುವ ಮೊದಲ ಸಲಹೆ: ದುಬಾರಿ ಲೂರ್ ಕೊಳ್ಳುವ ಮುನ್ನ ಒಂದು ಅಗ್ಗದ ಥರ್ಮಾಮೀಟರ್ ಕೊಳ್ಳಿ. ದೋಣಿಯ ಸೋನಾರ್‌ನಲ್ಲಿ (ನೀರಿನ ಆಳ, ಮೀನು ತೋರಿಸುವ ಯಂತ್ರ) ಅದು ಇದ್ದೇ ಇರುತ್ತದೆ. ದಡದಿಂದ ಹಿಡಿಯುವವರು ದಾರಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟು ಎರಡು ನಿಮಿಷ ಕಾಯಿರಿ.

ಮೀನು ತಣ್ಣನೆಯ ರಕ್ತದ ಪ್ರಾಣಿ. ನೀರು 40 ಡಿಗ್ರಿಯ (ಸುಮಾರು 4 ಸೆಲ್ಸಿಯಸ್) ಆಸುಪಾಸಿಗೆ ಇಳಿದಾಗ ಸ್ಮಾಲ್‌ಮೌತ್ ಬಹುತೇಕ ಊಟವನ್ನೇ ಬಿಟ್ಟು ಆಳದಲ್ಲಿ ನಿಂತುಬಿಡುತ್ತದೆ. ಆ ಉಪವಾಸಕ್ಕೆ ಬೇಕಾದ ಕೊಬ್ಬನ್ನು ಈಗಲೇ ಕೂಡಿಡಬೇಕು. ಹೆಣ್ಣು ಮೀನುಗಳ ಹೊಟ್ಟೆಯಲ್ಲಿ ಮುಂದಿನ ವಸಂತದ ಮೊಟ್ಟೆಗಳು ರೂಪುಗೊಳ್ಳಲು ಶುರುವಾಗುವುದೂ ಶರತ್ಕಾಲದಲ್ಲೇ. ಇತ್ತ ವಸಂತದಲ್ಲಿ ಹುಟ್ಟಿದ ಮರಿಮೀನುಗಳು ಎರಡು ಮೂರು ಅಂಗುಲ ಬೆಳೆದು, ಹಿಂಡು ಕಟ್ಟಿಕೊಂಡು ಓಡಾಡುತ್ತಿರುತ್ತವೆ. ಹಸಿವೂ ಇದೆ, ಊಟವೂ ಇದೆ. ಆದರೆ ಊಟ ನಿಂತ ಕಡೆ ನಿಲ್ಲುವುದಿಲ್ಲ, ಉಣ್ಣುವವರೂ ನಿಲ್ಲುವುದಿಲ್ಲ.

ನನ್ನ ಲೆಕ್ಕ ಹಬ್ಬಗಳ ಮೇಲೆ ನಡೆಯುತ್ತದೆ. ಗಣೇಶ ಹಬ್ಬದ ಹೊತ್ತಿಗೆ ನೀರು 70ರ ಆಸುಪಾಸು: ಹಗಲು ಇನ್ನೂ ಬೇಸಿಗೆಯೇ, ಆದರೆ ರಾತ್ರಿಗಳು ತಂಪಾಗಿ ಮೀನು ಬೆಳಗ್ಗೆ ಸಂಜೆ ಆಳ ಕಡಿಮೆ ಇರುವ ಕಡೆ ಬಂದುಹೋಗುತ್ತದೆ. ನವರಾತ್ರಿಗೆ 65ರಿಂದ 58: ಇದೇ ಸುಗ್ಗಿ, ಮೀನು ಹಗಲೆಲ್ಲ ಅಲೆಯುತ್ತ ತಿನ್ನುತ್ತದೆ. ದೀಪಾವಳಿಗೆ 55ರಿಂದ 48: ಹಿಂಡುಗಳು ದೊಡ್ಡದಾಗುತ್ತವೆ, ಜಾಗಗಳು ಕಡಿಮೆಯಾಗುತ್ತವೆ. ಒಂದು ಕಡೆ ಏನೂ ಇಲ್ಲ, ನೂರು ಅಡಿ ಆಚೆ ನಲವತ್ತು ಮೀನು. ಹಬ್ಬಗಳು ಅಧಿಕ ಮಾಸ ಬಂದರೆ ಮೂರು ವಾರ ಮುಂದಕ್ಕೆ ಹೋಗುತ್ತವೆ. ಮೀನಿಗೆ ಅಧಿಕ ಮಾಸವಿಲ್ಲ, ಆದ್ದರಿಂದ ಅಂತಿಮ ಮಾತು ಥರ್ಮಾಮೀಟರಿನದೇ.

ಅಂಕಿಗಿಂತಲೂ ಮುಖ್ಯವಾದದ್ದು ಅದು ಇಳಿಯುವ ರೀತಿ. ವಾರವಿಡೀ ನಿಧಾನವಾಗಿ ಒಂದೊಂದು ಡಿಗ್ರಿ ಇಳಿದರೆ ಮೀನು ಚುರುಕಾಗುತ್ತದೆ. ಉತ್ತರದ ಗಾಳಿ ಬೀಸಿ ಒಂದೇ ರಾತ್ರಿಗೆ ಐದಾರು ಡಿಗ್ರಿ ಕುಸಿದರೆ ಮರುದಿನ ಆಕಾಶ ನೀಲಿಯಾಗಿ, ನೀರು ಕನ್ನಡಿಯಾಗಿ, ಮೀನು ಮೌನವಾಗುತ್ತದೆ. ಅಂಥ ದಿನ ನಾನು ಮಧ್ಯಾಹ್ನದ ಮೊದಲು ಮನೆ ಬಿಡುವುದಿಲ್ಲ. ತಣ್ಣಗಾದ ಮೇಲೆ ಬೆಳಗಿನ ಜಾವ ಏಳುವುದು ಶಿಸ್ತಲ್ಲ, ಶಿಕ್ಷೆ.

ಸೇಂಟ್ ಕ್ಲೇರ್‌ನಲ್ಲಿ ಹುಡುಕುವ ಕ್ರಮ

ಸುಮಾರು 430 ಚದರ ಮೈಲಿಯ ಸರೋವರ, ಸರಾಸರಿ ಆಳ ಮಾತ್ರ 11 ಅಡಿ. ಹಡಗುಗಳಿಗಾಗಿ ಅಗೆದ ಕಾಲುವೆ ಬಿಟ್ಟರೆ ಗುಡ್ಡವಿಲ್ಲ, ಗುಂಡಿಯಿಲ್ಲ, ಒಂದು ದೊಡ್ಡ ತಟ್ಟೆಯಂತೆ. ಮೊದಲ ಸಲ ನೋಡಿದವರಿಗೆ ಎಲ್ಲಿಂದ ಶುರು ಮಾಡುವುದು ಎಂದೇ ತೋಚದು. ನಾನು ಹೀಗೆ ಮಾಡುತ್ತೇನೆ.

ಹ್ಯಾರಿಸನ್ ಟೌನ್‌ಶಿಪ್‌ನಲ್ಲಿ ದೋಣಿ ಇಳಿಸಿ, ಮೊದಲು ಗಾಳಿ ಯಾವ ಕಡೆಗೆ ಬೀಸುತ್ತಿದೆ ನೋಡುತ್ತೇನೆ. ಎರಡು ದಿನ ಒಂದೇ ಕಡೆಗೆ ಬೀಸಿದ ಗಾಳಿ ತೇಲುವ ಸೂಕ್ಷ್ಮಜೀವಿಗಳನ್ನು ಆ ದಡಕ್ಕೆ ತಳ್ಳಿರುತ್ತದೆ, ಅವುಗಳ ಹಿಂದೆ ಶೈನರ್ ಎಂಬ ಬೆಳ್ಳಿಮೀನುಗಳು, ಅವುಗಳ ಹಿಂದೆ ಬ್ಯಾಸ್. ಅಲೆ ಬಡಿಯುವ ಕಡೆ ಹೋಗಿ, ಗಾಳಿಯ ಮರೆಯ ಕಡೆ ಅಲ್ಲ. ಕೂರಲು ಹಿತವಾದ ಜಾಗ ಹಿಡಿಯಲು ಸಪ್ಪೆ.

ಎರಡನೆಯದು ಕಳೆ. ಬೇಸಿಗೆಯಲ್ಲಿ ತಳದಿಂದ ಎದ್ದು ನಿಂತ ನೀರುಕಳೆ ಸೆಪ್ಟೆಂಬರ್ ದಾಟುತ್ತಿದ್ದಂತೆ ಸಾಯತೊಡಗುತ್ತದೆ. ಲೂರ್‌ಗೆ ಸಿಕ್ಕಿ ಬಂದ ಎಳೆಯನ್ನು ಬಿಸಾಡುವ ಮೊದಲು ಬೆರಳಲ್ಲಿ ಹಿಸುಕಿ ನೋಡಿ. ಹಸಿರಾಗಿ ಗರಿಗರಿ ಮುರಿದರೆ ಅಲ್ಲೇ ಇರಿ. ಕಂದು ಬಣ್ಣಕ್ಕೆ ತಿರುಗಿ, ಬೇಯಿಸಿದ ಸೊಪ್ಪಿನಂತೆ ಅಂಟಿಕೊಂಡರೆ ಜಾಗ ಬಿಡಿ. ಕೊಳೆಯುವ ಕಳೆ ಆಮ್ಲಜನಕ ತಿನ್ನುತ್ತದೆ, ಸಣ್ಣ ಮೀನು ಅಲ್ಲಿ ಉಳಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಹಸಿರಾಗಿ ಉಳಿದ ಒಂದು ತೇಪೆ ಸಿಕ್ಕಿದರೆ ಅದನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ.

ಮೂರನೆಯದು ಕಡಲಕ್ಕಿಗಳು. ಅವು ನೀರಿನ ಮೇಲೆ ಸುಮ್ಮನೆ ತೇಲುತ್ತಿದ್ದರೆ ಅರ್ಥವಿಲ್ಲ. ಒಂದರ ಹಿಂದೊಂದು ಎರಗುತ್ತಿದ್ದರೆ ಕೆಳಗಿನಿಂದ ಯಾರೋ ಶೈನರ್‌ಗಳನ್ನು ಮೇಲಕ್ಕೆ ಅಟ್ಟುತ್ತಿದ್ದಾರೆ. ಎಂಜಿನ್ ಆರಿಸಿ, ಗಾಳಿಯ ಮೇಲ್ಬದಿಯಿಂದ ತೇಲಿಕೊಂಡು ಹತ್ತಿರ ಹೋಗಿ.

ಇವು ಯಾವುದೂ ಕಾಣದ ದಿನ ತೇಲುವುದೊಂದೇ ದಾರಿ. 12ರಿಂದ 18 ಅಡಿ ಆಳದ ಬಯಲಿನಲ್ಲಿ ದೋಣಿಯನ್ನು ಗಾಳಿಗೆ ಬಿಟ್ಟು, ವೇಗ ಗಂಟೆಗೆ ಒಂದು ಮೈಲಿ ಮೀರದಂತೆ ಬಟ್ಟೆಯ ತೇಲುಚೀಲವನ್ನು ನೀರಿಗೆ ಇಳಿಸಿ, ತಳದಲ್ಲಿ ಟ್ಯೂಬ್ ಎಂಬ ರಬ್ಬರ್ ಲೂರ್ ಎಳೆಯುತ್ತ ಹೋಗುವುದು. ಅರ್ಧ ಮೈಲಿ ತೇಲಿ, ಸಿಗದಿದ್ದರೆ ಇನ್ನೂರು ಅಡಿ ಪಕ್ಕಕ್ಕೆ ಸರಿದು ಮತ್ತೆ. ಒಂದು ಕಚ್ಚಿದ ಕ್ಷಣ ಗುರುತು ಹಾಕಿ. ಶರತ್ಕಾಲದ ಸ್ಮಾಲ್‌ಮೌತ್ ಒಂಟಿಯಾಗಿ ಇರುವುದು ಅಪರೂಪ. ಒಂದು ಗಾಳದಲ್ಲಿರುವಾಗ ಅದರ ಬಾಯಿಂದ ಬೀಳುವುದನ್ನು ಕಸಿಯಲು ಎರಡು ಮೂರು ಹಿಂದೆಯೇ ಬರುತ್ತವೆ. ಜೊತೆಗಿರುವವರು ಆಗ ಫೋಟೊ ತೆಗೆಯುತ್ತ ನಿಲ್ಲದೆ ತಮ್ಮ ಲೂರ್ ಅಲ್ಲೇ ಬೀಸಬೇಕು. ನನ್ನ ಬಾವಮೈದುನ ಈ ಮಾತು ಕೇಳಲು ಎರಡು ವರ್ಷ ತೆಗೆದುಕೊಂಡ.

ಆಳವಾದ ಸರೋವರಗಳಾದರೆ

ಮಿಷಿಗನ್‌ನ ಉತ್ತರ ಭಾಗದ ಆಳದ ಸರೋವರಗಳಲ್ಲಿ ಬೇಸಿಗೆಯಲ್ಲಿ ಬೆಚ್ಚಗಿನ ನೀರು ಮೇಲೆ, ತಣ್ಣನೆಯದು ಕೆಳಗೆ ಪದರವಾಗಿ ನಿಂತಿರುತ್ತದೆ. ಮೇಲಿನದು ತಣಿದು ಭಾರವಾದಾಗ ಎರಡೂ ಮಗುಚಿ ಬೆರೆಯುತ್ತವೆ. ನೀರು ಕದಡಿ, ತಳದ ಕಸ ಮೇಲೆ ತೇಲಿ, ಕೆಲವೊಮ್ಮೆ ಕೊಳೆತ ವಾಸನೆಯೂ ಬರುತ್ತದೆ. ಆ ವಾರ ಅಲ್ಲಿ ಸಮಯ ಕಳೆಯಬೇಡಿ. ಪದರವೇ ಇಲ್ಲದ ಸೇಂಟ್ ಕ್ಲೇರ್‌ನಂತಹ ನೀರಿಗೋ ನದಿಗೋ ಹೋಗಿ. ನೀರು ತಿಳಿಯಾದ ಮೇಲೆ ಮರಳಿ ಬಂದು, ತಳ ಥಟ್ಟನೆ ಇಳಿಯುವ ಕಲ್ಲಿನ ಅಂಚುಗಳಲ್ಲಿ 20ರಿಂದ 35 ಅಡಿಯಲ್ಲಿ ನೋಡಿ.

ದೋಣಿ ಇಲ್ಲದವರಿಗೆ ನದಿ

ಹ್ಯೂರನ್ ನದಿ ಡೆಕ್ಸ್‌ಟರ್, ಆ್ಯನ್ ಆರ್ಬರ್, ಇಪ್ಸಿಲಾಂಟಿ ಊರುಗಳ ನಡುವೆ ಹರಿಯುತ್ತದೆ, ಹಡ್ಸನ್ ಮಿಲ್ಸ್, ಡೆಲ್‌ಹೈ ಉದ್ಯಾನಗಳಲ್ಲಿ ನೀರಿನವರೆಗೂ ನಡೆದು ಹೋಗಬಹುದು. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಮೀನು ಇನ್ನೂ ಕಲ್ಲುಗಳ ಮೇಲೆ ಜುಳುಜುಳು ಹರಿಯುವ ಕಡೆ, ಬಂಡೆಯ ಮರೆಯಲ್ಲಿ ಸೆಳವಿಗೆ ಮುಖ ಮಾಡಿ ನಿಂತಿರುತ್ತದೆ. ಬಂಡೆಯ ಮೇಲ್ಬದಿಗೆ ಲೂರ್ ಬೀಸಿ, ಸೆಳವೇ ಅದನ್ನು ಮರೆಯೊಳಗೆ ತರಲಿ.

ನೀರು 55ಕ್ಕೆ ಇಳಿಯುವ ಹೊತ್ತಿಗೆ ಅವು ಮಡು ಹುಡುಕಿಕೊಂಡು ಹೊರಡುತ್ತವೆ. ನದಿ ತಿರುಗುವ ಕಡೆ ಹೊರದಂಡೆಯ ಕೆಳಗೆ, ಸೇತುವೆಯ ಕಂಬದ ಹಿಂದೆ, ಅಣೆಕಟ್ಟಿನ ಮೇಲ್ಬದಿಯ ನಿಧಾನ ನೀರಿನಲ್ಲಿ, ಸೆಳವಿನಿಂದ ಪಾರಾಗಿ ಚಳಿಗಾಲ ಕಳೆಯಬಹುದಾದ ಆಳ ಬೇಕು ಅವಕ್ಕೆ. ಕೆಲವೊಮ್ಮೆ ಹಲವು ಮೈಲಿ ಈಜುತ್ತವೆ. ಜಾಗ ಗುರುತಿಸಲು ನನ್ನ ಉಪಾಯ ಸರಳ: ಉದುರಿದ ಎಲೆಗಳು ಎಲ್ಲಿ ವೇಗ ಕಳೆದುಕೊಂಡು ಸುತ್ತುತ್ತಿವೆ ನೋಡಿ. ಎಲೆ ನಿಂತಲ್ಲಿ ಮೀನು ನಿಲ್ಲುತ್ತದೆ. ಆದರೆ ಅದೇ ಎಲೆಗಳು ಗಾಳಕ್ಕೆ ಸಿಕ್ಕಿ ತಲೆ ಕೆಡಿಸುತ್ತವೆ, ಅದಕ್ಕೆ ಮದ್ದಿಲ್ಲ.

ಕೈಯಲ್ಲಿ ಏನಿರಬೇಕು

ಏಳು ಅಡಿಯ, ಮಧ್ಯಮ ಬಿಗಿಯ ಸ್ಪಿನ್ನಿಂಗ್ ಕೋಲು. 2500 ಅಥವಾ 3000 ಅಳತೆಯ ರೀಲ್. 10ರಿಂದ 15 ಪೌಂಡಿನ ಹೆಣೆದ ದಾರ. ಅದರ ತುದಿಗೆ ಡಬಲ್ ಯೂನಿ ಗಂಟಿನಿಂದ ಸೇರಿಸಿದ ಏಳೆಂಟು ಅಡಿ ಫ್ಲೋರೋಕಾರ್ಬನ್ ಲೀಡರ್ (ನೀರಿನಲ್ಲಿ ಸುಲಭಕ್ಕೆ ಕಾಣದ ತುದಿದಾರ), 8 ಪೌಂಡ್. ಒಬ್ಬರಿಗೆ ಇದೊಂದೇ ಸಾಕು. ಅಂಗಡಿಯವರು ನಾಲ್ಕು ಕೋಲು ಬೇಕೆನ್ನುತ್ತಾರೆ, ಅವರ ಹೊಟ್ಟೆಪಾಡು ಅದು. ಲೀಡರ್ ಮಾತ್ರ ಬಿಡಬೇಡಿ. 1988ರಲ್ಲಿ ಸೇಂಟ್ ಕ್ಲೇರ್‌ನಲ್ಲಿ ಮೊದಲು ಪತ್ತೆಯಾದ ಜೀಬ್ರಾ ಚಿಪ್ಪುಗಳು ನೀರನ್ನು ಸೋಸಿ ಸೋಸಿ ಎಷ್ಟು ತಿಳಿ ಮಾಡಿವೆಯೆಂದರೆ ದಪ್ಪ ದಾರ ಮೀನಿಗೆ ಹಗ್ಗದಂತೆ ಕಾಣುತ್ತದೆ. ಅದೇ ಚಿಪ್ಪುಗಳು ದಾರವನ್ನು ಗೀರುತ್ತವೆ ಕೂಡ. ಪ್ರತಿ ಮೀನಿನ ನಂತರ ಲೀಡರ್‌ನ ಕೊನೆಯ ಎರಡು ಅಡಿಯನ್ನು ಉಗುರಿನ ನಡುವೆ ಎಳೆದು ನೋಡಿ. ಒರಟು ತಗುಲಿದರೆ ಕತ್ತರಿಸಿ ಹೊಸದಾಗಿ ಪಲೋಮಾರ್ ಗಂಟು ಹಾಕಿ, ಬಿಗಿಯುವ ಮೊದಲು ಎಂಜಲು ಹಚ್ಚಿ.

ಟ್ಯೂಬ್ ಎಳೆಯುವ ಕಲೆ

ಒಂದೇ ಲೂರ್ ಇಟ್ಟುಕೊಳ್ಳಿ ಎಂದರೆ ನಾನು ಟ್ಯೂಬ್ ಇಟ್ಟುಕೊಳ್ಳುತ್ತೇನೆ. ಮೂರೂವರೆ ಅಂಗುಲದ ಟೊಳ್ಳಾದ ರಬ್ಬರ್ ಕೊಳವೆ, ಹಿಂದೆ ಸಣ್ಣ ಎಳೆಗಳ ಗೊಂಚಲು, ಒಳಗೆ ಕಾಲು ಔನ್ಸಿನಿಂದ ಅರ್ಧ ಔನ್ಸಿನವರೆಗಿನ ಸೀಸದ ತಲೆಯ ಗಾಳ. ಬಣ್ಣ ಕುಂಬಳಕಾಯಿ ಹಸಿರು. ತಳದಲ್ಲಿ ತೆವಳುವಾಗ ಇದು ಕ್ರೇಫಿಶ್‌ನಂತೆಯೂ (ಸಿಗಡಿಯಂಥ ಸಿಹಿನೀರಿನ ಪ್ರಾಣಿ) ಕಾಣುತ್ತದೆ, ಗೋಬಿಯಂತೆಯೂ ಕಾಣುತ್ತದೆ. ಗೋಬಿ ಎಂದರೆ ಮಂಚೂರಿಯ ಗೋಬಿ ಅಲ್ಲ, 1990ರಲ್ಲಿ ಸೇಂಟ್ ಕ್ಲೇರ್ ನದಿಯಲ್ಲಿ ಕಾಣಿಸಿಕೊಂಡ ಹೊರದೇಶದ ಪುಟ್ಟ ಮೀನು. ಬಂದವರು ಉಪದ್ರವವೇ, ಆದರೆ ಸ್ಮಾಲ್‌ಮೌತ್‌ಗೆ ಮೃಷ್ಟಾನ್ನ. ಜೀವಂತ ಗೋಬಿಯನ್ನು ಎರೆಯಾಗಿ ಬಳಸುವುದು ಮಿಷಿಗನ್‌ನಲ್ಲಿ ಕಾನೂನುಬಾಹಿರ, ಅದರ ಆಕಾರ ಬಳಸುವುದು ಅಲ್ಲ.

ಬೀಸಿ, ತಳ ಮುಟ್ಟುವವರೆಗೆ ಬಿಡಿ. ದಾರ ಸಡಿಲಾದಾಗ ತಳ ಸಿಕ್ಕಿತು. ಈಗ ಕೋಲನ್ನು ಪಕ್ಕಕ್ಕೆ ಒಂದು ಅಡಿ ಎಳೆಯಿರಿ, ನಿಲ್ಲಿಸಿ, ಸಡಿಲವನ್ನು ಸುತ್ತಿಕೊಳ್ಳಿ. ಮರಳಿನ ಮೇಲೆ ಎಳೆದಾಗ ಬೆಣ್ಣೆ ಸವರಿದಂತೆ ಇರುತ್ತದೆ; ಚಿಪ್ಪಿನ ಮೇಲೆ ಕರಕರ ಎನ್ನುತ್ತದೆ; ಕಳೆಯಲ್ಲಿ ಮೆತ್ತಗೆ ಹಿಡಿದು ಬಿಡುತ್ತದೆ. ಒಂದು ಗಂಟೆ ಎಳೆದರೆ ಬೆರಳಿಗೆ ಈ ಭಾಷೆ ಬರುತ್ತದೆ. ಮೀನಿನ ಕಡಿತ ಹೆಚ್ಚಿನ ಸಲ ಜಗ್ಗಾಟವಲ್ಲ. ದಾರದಲ್ಲಿ "ಟಿಕ್" ಎಂದು ಒಂದು ಸಣ್ಣ ತಟ್ಟು, ಅಥವಾ ಅದೂ ಇಲ್ಲದೆ ಟ್ಯೂಬ್ ಇದ್ದಕ್ಕಿದ್ದಂತೆ ಭಾರವಾಗುತ್ತದೆ, ಒದ್ದೆ ಬಟ್ಟೆ ಸಿಕ್ಕಂತೆ. ಸಿನಿಮಾದವರಂತೆ ಕೋಲನ್ನು ತಲೆಯ ಮೇಲೆ ಎತ್ತಬೇಡಿ. ಸಡಿಲ ಸುತ್ತಿಕೊಂಡು, ಭಾರ ಖಚಿತವಾದ ಮೇಲೆ ಪಕ್ಕಕ್ಕೆ ಗಟ್ಟಿಯಾಗಿ ಸೆಳೆಯಿರಿ. ಹೆಣೆದ ದಾರ ಹಿಗ್ಗುವುದಿಲ್ಲ, ಅಷ್ಟೇ ಸಾಕು.

ಒಮ್ಮೆ ದೋಣಿಗೆ ಬಂದ ಮೀನಿನ ಗಂಟಲಿನಿಂದ ಎರಡು ಕೆಂಗಂದು ಮೀಸೆಗಳು ಹೊರಗೆ ಚಾಚಿಕೊಂಡಿದ್ದವು. ನುಂಗಿ ಮುಗಿಯದ ಕ್ರೇಫಿಶ್‌ನದು. ಬಾಯಲ್ಲಿ ತುತ್ತು ಇರುವಾಗಲೇ ನನ್ನ ಟ್ಯೂಬಿಗೂ ಬಾಯಿ ಹಾಕಿತ್ತು. ಶರತ್ಕಾಲದ ಹಸಿವು ಅಂದರೆ ಅದು. ಹಿಡಿದ ಮೀನು ಏನನ್ನಾದರೂ ಕಕ್ಕಿದರೆ ಮರೆಯದೆ ನೋಡಿ: ಬೆಳ್ಳಿಮೀನಾದರೆ ಬೆಳ್ಳಿ ಬಣ್ಣಕ್ಕೆ ಬದಲಿಸಿ, ಗೋಬಿಯಾದರೆ ತಳ ಬಿಡಬೇಡಿ.

ಉಳಿದ ಲೂರ್‌ಗಳು, ನೀರು ತಣಿದ ಕ್ರಮದಲ್ಲಿ

65ಕ್ಕಿಂತ ಮೇಲಿರುವಾಗ ಬೆಳಗಿನ ಹೊತ್ತು ಮೇಲ್ಮೈಯಲ್ಲಿ ಅಡ್ಡಾದಿಡ್ಡಿ ಓಡುವ ಲೂರ್ ಬಳಸಿ. ಸಿಗುವುದು ಕಡಿಮೆ, ಸಂತೋಷ ಹೆಚ್ಚು. ಮೋಡ ಕವಿದು ಅಲೆ ಎದ್ದ ದಿನ ಬಿಳಿ ಸ್ಪಿನ್ನರ್‌ಬೈಟ್ (ಗಿರಗಿರ ತಿರುಗುವ ಲೋಹದ ತಗಡಿರುವ ಲೂರ್) ಅಥವಾ ಮೂರು ಅಂಗುಲದ ಸ್ವಿಮ್‌ಬೈಟ್ (ಮೀನಿನಾಕಾರದ ಮೆತ್ತನೆಯ ಲೂರ್) ಬೀಸಿ ಬೇಗ ಬೇಗ ಜಾಗ ಹುಡುಕಬಹುದು.

60ರಿಂದ 50ರವರೆಗೆ ಜರ್ಕ್‌ಬೈಟ್‌ಗೆ (ಸಣ್ಣ ಮೀನಿನಾಕಾರದ ಗಟ್ಟಿ ಲೂರ್) ಸಾಟಿಯಿಲ್ಲ. ಎರಡು ಸಲ ಚುಟುಕಾಗಿ ಜಗ್ಗಿ ನಿಲ್ಲಿಸುವುದು. ನಿಲ್ಲಿಸಿದಾಗಲೇ ಹೊಡೆಯುತ್ತದೆ, ಆದ್ದರಿಂದ ನಿಲ್ಲಿಸುವ ಧೈರ್ಯ ಬೇಕು. 60ರಲ್ಲಿ ಒಂದು ಎರಡು ಎಣಿಸಿ. 50ಕ್ಕೆ ಬಂದಾಗ ಎಂಟು, ಹತ್ತು. ಮೀನು ಹಿಂದೆ ಬಂದು ನೋಡಿ ತಿರುಗಿ ಹೋದರೆ ಡ್ರಾಪ್‌ಶಾಟ್ ಇಳಿಸಿ: ತುದಿಯಲ್ಲಿ ಸೀಸ, ಅದರಿಂದ ಒಂದು ಅಡಿ ಮೇಲೆ ಗಾಳಕ್ಕೆ ಮೂರು ಅಂಗುಲದ ಮೆತ್ತನೆಯ ಹುಳು. ಏನೂ ಮಾಡದೆ ಹಿಡಿದಿರಿ, ಕೈ ನಡುಗುವುದೇ ಸಾಕು. 48ರ ಕೆಳಗೆ ಲೋಹದ ಬ್ಲೇಡ್‌ಬೈಟನ್ನು ತಳದಿಂದ ಗೇಣುದ್ದ ಮಾತ್ರ ಎತ್ತಿ ಇಳಿಸುವುದು. ತಡವಾಗಿ ಹೋದವರಿಗೆ ಸಿಗುವ ಮೀನು ಕಡಿಮೆ, ಆದರೆ ದೊಡ್ಡದು. ಈರಿ ಸರೋವರದಲ್ಲಿ 10 ಪೌಂಡ್ ದಾಟಿದ ಸ್ಮಾಲ್‌ಮೌತ್ ಸಿಕ್ಕಿದ್ದು 2022ರ ನವೆಂಬರ್ 3ರಂದು.

ಹಿಡಿದ ಮೇಲೆ

ಮೀನು ಮೇಲಕ್ಕೆ ನುಗ್ಗುವುದು ದಾರದ ಕೋನದಲ್ಲೇ ತಿಳಿಯುತ್ತದೆ. ಕೋಲಿನ ತುದಿಯನ್ನು ನೀರಿನ ಮಟ್ಟಕ್ಕೆ ತಗ್ಗಿಸಿ, ಅದು ಹಾರಿ ತಲೆ ಕೊಡವುವುದನ್ನು ಆದಷ್ಟು ತಪ್ಪಿಸಿ. ದೋಣಿಯ ಬಳಿ ಬಂದು ಸೋತಂತೆ ಕಂಡ ಮೀನನ್ನು ನಂಬಬೇಡಿ, ಇನ್ನೊಂದು ಓಟ ಬಾಕಿ ಇರುತ್ತದೆ. ರೀಲಿನ ಡ್ರ್ಯಾಗ್ (ದಾರ ಬಿಡುವುದನ್ನು ತಡೆಯುವ ಬ್ರೇಕ್) ಕೈಯಿಂದ ಎಳೆದಾಗ ಬರುವಷ್ಟು ಸಡಿಲ ಇರಲಿ.

ನಾನು ಬಹುತೇಕ ಎಲ್ಲವನ್ನೂ ಬಿಟ್ಟುಬಿಡುತ್ತೇನೆ. ಈ ತಣ್ಣನೆಯ ಸೀಮೆಯಲ್ಲಿ 14 ಅಂಗುಲ ಬೆಳೆಯಲು ಐದಾರು ವರ್ಷ ಬೇಕು. ನವರಾತ್ರಿಯಲ್ಲಿ ಮೀನು ಮುಟ್ಟದ ಮನೆಯಲ್ಲಿ ಇದರಿಂದ ಗೃಹಶಾಂತಿಯೂ ಉಳಿದಿದೆ. ತಿನ್ನುವವರು ಸಣ್ಣದನ್ನು ಒಯ್ಯಿರಿ, ಮತ್ತು ಪಾದರಸದ ಪ್ರಮಾಣದ ಬಗ್ಗೆ ರಾಜ್ಯ ಪ್ರಕಟಿಸುವ ಸಲಹೆಯಲ್ಲಿ ನಿಮ್ಮ ನೀರಿನ ಹೆಸರು ಹುಡುಕಿ ಓದಿ. ಬಿಡುವವರು ಕೈ ಒದ್ದೆ ಮಾಡಿಕೊಂಡು ಕೆಳದವಡೆ ಹಿಡಿಯಿರಿ, ದೊಡ್ಡ ಮೀನಾದರೆ ಇನ್ನೊಂದು ಕೈ ಹೊಟ್ಟೆಯ ಕೆಳಗಿರಲಿ. ಕಿವಿರಿಗೆ ಬೆರಳು ತಾಕಬಾರದು. 30 ಅಡಿಗಿಂತ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿ, ಬಿಟ್ಟರೂ ಮುಳುಗಲಾರದೆ ಮಗ್ಗುಲಾಗಿ ತೇಲುತ್ತದೆ. ಅಂಥದ್ದು ಎರಡು ಕಂಡರೆ ಅಲ್ಲಿ ಹಿಡಿಯುವುದನ್ನು ನಿಲ್ಲಿಸಿ ಆಳ ಕಡಿಮೆ ಇರುವ ಕಡೆ ಹೋಗಿ.

ಚಳಿ, ಗಾಳಿ, ನೀವು

ಸೇಂಟ್ ಕ್ಲೇರ್ ಆಳವಿಲ್ಲದ್ದರಿಂದಲೇ ಅಪಾಯದ್ದು. ಗಾಳಿ ಎದ್ದ ಅರ್ಧ ಗಂಟೆಯಲ್ಲಿ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒತ್ತೊತ್ತಾಗಿ ಬಂದು ದೋಣಿಯ ಮೂತಿಗೆ ಹೊಡೆಯುತ್ತವೆ. ರಾಷ್ಟ್ರೀಯ ಹವಾಮಾನ ಸೇವೆ ಸಣ್ಣ ದೋಣಿಗಳಿಗೆ ಎಚ್ಚರಿಕೆ ಕೊಟ್ಟ ದಿನ ನದಿಗೆ ಹೋಗಿ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ ಇರಬೇಕು. 50 ಡಿಗ್ರಿಯ ನೀರಿಗೆ ಬಿದ್ದವರು ಮೊದಲ ನಿಮಿಷ ಉಸಿರಿಗಾಗಿ ಏದುತ್ತಾರೆ, ಹತ್ತು ಹದಿನೈದು ನಿಮಿಷದಲ್ಲಿ ಬೆರಳು ಮಾತು ಕೇಳುವುದಿಲ್ಲ, ಎಷ್ಟು ಒಳ್ಳೆಯ ಈಜುಗಾರರಾದರೂ ಅಷ್ಟೇ. ನದಿಗೆ ಇಳಿಯುವವರು ವೇಡರ್‌ನ (ನೀರು ನುಸುಳದ ಉದ್ದ ಉಡುಪು) ಮೇಲೆ ಸೊಂಟಪಟ್ಟಿ ಬಿಗಿಯಿರಿ, ಮೊದಲು ಊರುಗೋಲು ಊರಿ ತಳ ನೋಡಿ, ಆಮೇಲೆ ಕಾಲಿಡಿ. ಎಲ್ಲಿಗೆ ಹೋಗುತ್ತಿದ್ದೀರಿ, ಯಾವಾಗ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ. ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ, ಒಂದು ಟವೆಲ್, ಫ್ಲಾಸ್ಕಿನಲ್ಲಿ ಕಾಫಿ ಇಟ್ಟಿರಿ. ಕಾರಿನ ಕೀಲಿ ಮಾತ್ರ ಜೇಬಿನಲ್ಲಿ ಬೇಡ, ಲೈಫ್ ಜಾಕೆಟ್‌ನ ಜಿಪ್ ಇರುವ ಚೀಲದಲ್ಲಿ, ನೀರು ಹೋಗದ ಪೊಟ್ಟಣದೊಳಗೆ ಇರಲಿ.